ಫಜಿ ಲಾಜಿಕ್ ಐಡಲ್ ನಿಯಂತ್ರಣ: ಆರ್‌ಪಿಎಂ ಒಂದೆಡೆ ನಿಲ್ಲದಿದ್ದರೆ ದೋಷ ಹುಡುಕುವ ಬಗೆ

ಐಡಲ್‌ನಲ್ಲಿ, ಅಂದರೆ ಪೆಡಲ್ ಒತ್ತದೆ ಓಡುವಾಗ, ಎಂಜಿನ್ ಹಂಟಿಂಗ್ (ಆರ್‌ಪಿಎಂ ನಿಲ್ಲದೆ ಏರಿಳಿಯುವುದು) ಶುರುಮಾಡಿದ ಕೂಡಲೇ ಹೆಚ್ಚಿನವರು ಮೊದಲು ತೆರೆಯುವುದು ಫಜಿ ನಿಯಂತ್ರಕದ ನಿಯಮ ಕೋಷ್ಟಕವನ್ನು: ಯಾವ ಸ್ಥಿತಿಯಲ್ಲಿ ಏನು ಮಾಡಬೇಕೆಂಬ ಪಟ್ಟಿ. ಅಲ್ಲಿ ನಾಲ್ಕು ಮನೆ ತಿದ್ದಿದರೆ ಲಕ್ಷಣ ಬದಲಾಗುತ್ತದೆ, ದೋಷ ಇದ್ದಲ್ಲೇ ಇರುತ್ತದೆ. ಫಜಿ ನಿಯಂತ್ರಕ ‘ಸ್ವಲ್ಪ ಕಡಿಮೆ’, ‘ತುಂಬ ಹೆಚ್ಚು’ ಎಂಬಂಥ ಅಂದಾಜಿನ ನಿಯಮಗಳಿಂದ ಲೆಕ್ಕಹಾಕುವುದರಿಂದ ಸಣ್ಣಪುಟ್ಟ ತಪ್ಪುಗಳನ್ನು ತಾಳಿಕೊಳ್ಳುತ್ತದೆ, ಹಾಗಾಗಿ ಒಂದೆರಡು ನಿಯಮ ತಪ್ಪಿದ್ದರೂ ಎಂಜಿನ್ ಹೇಗೋ ಓಡುತ್ತದೆ. ಅದಕ್ಕೆ ತಾಳಲಾಗದ್ದು ಸುಳ್ಳು ಅಳತೆ, ತಪ್ಪು ಸ್ಕೇಲಿಂಗ್, ಲೆಕ್ಕಕ್ಕೆ ಹಿಡಿಯದ ವಿಳಂಬ ಮತ್ತು ಅಂಟಿಕೊಂಡ ವಾಲ್ವ್. ಹುಡುಕಾಟವೂ ಆ ಕ್ರಮದಲ್ಲೇ ಸಾಗಬೇಕು. ನಿಯಮ ಕೋಷ್ಟಕದ ಸರದಿ ಕೊನೆಗೆ.

ಇಲ್ಲಿ ಗಮನದಲ್ಲಿರುವುದು ನಾಲ್ಕು ಸಿಲಿಂಡರ್, ನಾಲ್ಕು ಸ್ಟ್ರೋಕ್ ಪೆಟ್ರೋಲ್ ಎಂಜಿನ್. ಬಿಸಿಯಾದ ಮೇಲೆ ಗುರಿ 800 ಆರ್‌ಪಿಎಂ. ಗಾಳಿಯನ್ನು ಸ್ಟೆಪರ್ ಮೋಟರ್‌ನ ಐಡಲ್ ವಾಲ್ವ್ ಅಥವಾ ಪಿಡಬ್ಲ್ಯುಎಂ (ವಿದ್ಯುತ್ತನ್ನು ಬಿಟ್ಟು ಬಿಟ್ಟು ಕೊಡುವ ವಿಧಾನ) ಸೊಲೆನಾಯ್ಡ್ ನಿಯಂತ್ರಿಸುತ್ತದೆ. ಫಜಿ ಭಾಗ ಪ್ರತ್ಯೇಕ ಮೈಕ್ರೊಕಂಟ್ರೋಲರ್‌ನಲ್ಲೋ ಪ್ರೋಗ್ರಾಂ ಮಾಡಬಹುದಾದ ಇಸಿಯುನಲ್ಲೋ (ಎಂಜಿನ್ ನಡೆಸುವ ಕಂಪ್ಯೂಟರ್) ಇದೆ. ಒಳಬರುವುದು ಎರಡು: ವ್ಯತ್ಯಾಸ, ಅಂದರೆ ಗುರಿಯಿಂದ ಈಗಿನ ಆರ್‌ಪಿಎಂ ಕಳೆದದ್ದು, ಮತ್ತು ಆ ವ್ಯತ್ಯಾಸ ಬದಲಾಗುತ್ತಿರುವ ವೇಗ. ಹೊರಬರುವುದು ವಾಲ್ವನ್ನು ಈಗಿರುವಲ್ಲಿಂದ ಎಷ್ಟು ಹೆಜ್ಜೆ ಸರಿಸಬೇಕು ಎಂಬುದು.

ಕೆಲಸ ಶುರುಮಾಡುವ ಮುನ್ನ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟಿರಲಿ. ಎಕ್ಸಾಸ್ಟ್ ಹೊಗೆ ಹೊರಗೆ ಹೋಗುವ ದಾರಿ ಬೇಕೇ ಬೇಕು. ಫ್ಯೂಯಲ್ ಪಂಪ್ ರಿಲೇಯನ್ನು ಕಡಿಯುವ ಸ್ವಿಚ್ ಕೈಗೆಟಕುವಂತಿರಲಿ. ಆರ್‌ಪಿಎಂ ಮಿತಿ ಫಜಿ ಕೋಡಿನ ಹೊರಗೆ, ಬೇರೆಯಾಗಿಯೇ ಇರಬೇಕು. ನಿಯಂತ್ರಕ ಕೆಟ್ಟಾಗ ಅದೇ ನಿಯಂತ್ರಕ ಮಿತಿ ಕಾಯುತ್ತದೆಂದು ನಂಬುವಂತಿಲ್ಲ.

ಮೊದಲ ಪರೀಕ್ಷೆ: ವಾಲ್ವನ್ನು ಕಟ್ಟಿಹಾಕಿ

ಎಂಜಿನ್ ಪೂರ್ತಿ ಬಿಸಿಯಾಗಿ ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೆ ಕಾಯಿರಿ. ಎಸಿ, ಹೆಡ್‌ಲೈಟ್ ಆಫ್. ಆಮೇಲೆ ಫಜಿ ಔಟ್‌ಪುಟ್ ತಡೆದು, ಆರ್‌ಪಿಎಂ 800ರ ಆಸುಪಾಸಿಗೆ ಬರುವಂತೆ ವಾಲ್ವನ್ನು ಕೈಯಾರೆ ಒಂದು ಸ್ಥಾನದಲ್ಲಿ ನಿಲ್ಲಿಸಿ. ಎರಡು ನಿಮಿಷ ಲಾಗ್ ತೆಗೆಯಿರಿ.

ವಾಲ್ವ್ ಅಲುಗಾಡದೆಯೂ ಆರ್‌ಪಿಎಂ ಏರಿಳಿದರೆ ತಪ್ಪು ಎಂಜಿನ್ನಿನದು, ಕೋಡ್ ಮುಟ್ಟಬೇಡಿ. ಏರಿಳಿತ ನಿಂತರೆ ತಪ್ಪು ಲೂಪ್‌ನೊಳಗಿದೆ, ಅಂದರೆ ಅಳತೆ, ಲೆಕ್ಕ, ವಾಲ್ವ್ ಸೇರಿದ ನಿಯಂತ್ರಣದ ಸುತ್ತಿನೊಳಗೆ. ಈ ಒಂದು ಪರೀಕ್ಷೆ ಅರ್ಧ ಕೆಲಸ ಉಳಿಸುತ್ತದೆ, ಆದರೂ ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು.

ಲಾಗ್‌ನಲ್ಲಿ ಇರಬೇಕಾದವು: ಸಮಯ, ಗುರಿ, ಅಳೆದ ಆರ್‌ಪಿಎಂ, ವ್ಯತ್ಯಾಸ, ಅದರ ಬದಲಾವಣೆ, ಫಜಿ ಔಟ್‌ಪುಟ್, ವಾಲ್ವಿಗೆ ಕೊಟ್ಟ ಒಟ್ಟು ಸ್ಥಾನ, ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ, ಇಗ್ನಿಷನ್ ಅಡ್ವಾನ್ಸ್ (ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರುತ್ತದೆ ಎಂಬುದು), ಇಂಜೆಕ್ಟರ್ ತೆರೆದಿರುವ ಸಮಯ, ಬ್ಯಾಟರಿ ವೋಲ್ಟೇಜ್. ಯಾವ ನಿಯಮ ಎಷ್ಟು ಬಲದಲ್ಲಿ ಕೆಲಸಮಾಡಿತು ಎಂಬುದೂ ಇದ್ದರೆ ಇನ್ನೂ ಒಳ್ಳೆಯದು. ಪ್ರತಿ 20 ಮಿಲಿಸೆಕೆಂಡಿಗೆ ಒಂದು ಸಾಲು ಸಾಕು.

ಎಂಜಿನ್ ಕಡೆಯ ದೋಷ

ಐಡಲ್ ವಾಲ್ವನ್ನು ಪೂರ್ತಿ ಮುಚ್ಚಿ ನೋಡಿ. ಬಿಸಿ ಎಂಜಿನ್ ಗುರಿಗಿಂತ ಕೆಳಗಿಳಿಯಲೇಬೇಕು, ಬಹುಪಾಲು ನಿಂತೇಹೋಗುತ್ತದೆ. ಹಾಗಾಗದೆ 900ರಲ್ಲಿ ಆರಾಮವಾಗಿ ಓಡುತ್ತಿದ್ದರೆ ಗಾಳಿ ಬೇರೆ ದಾರಿಯಿಂದ ನುಗ್ಗುತ್ತಿದೆ: ಇಂಟೇಕ್ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್ (ಕ್ರ್ಯಾಂಕ್‌ಕೇಸ್ ಹೊಗೆಯನ್ನು ಇಂಟೇಕ್‌ಗೆ ಒಯ್ಯುವುದು), ಇಂಜೆಕ್ಟರ್‌ನ ಓ-ರಿಂಗ್, ಅಥವಾ ಪೂರ್ತಿ ಕೂರದ ಥ್ರಾಟಲ್ ಪ್ಲೇಟ್. ಹೊಗೆ ಯಂತ್ರವಿದ್ದರೆ ಬೇಗ ಸಿಗುತ್ತದೆ. ಇಲ್ಲದಿದ್ದರೆ ಒಂದೊಂದೇ ವ್ಯಾಕ್ಯೂಮ್ ಪೈಪನ್ನು ಕ್ಲಿಪ್ ಹಾಕಿ ಒತ್ತಿ ಆರ್‌ಪಿಎಂ ಗಮನಿಸಿ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸುವ ಹಳೆಯ ಅಭ್ಯಾಸ ಬೆಂಕಿಗೆ ಆಹ್ವಾನ.

ಸ್ಕ್ಯಾನರ್ ಇದ್ದರೆ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಇಂಧನಕ್ಕೆ ಮಾಡುತ್ತಿರುವ ಹೆಚ್ಚುಕಡಿಮೆ, ನೋಡಿ. ಐಡಲ್‌ನಲ್ಲಿ ಹೆಚ್ಚು ಧನವಾಗಿದ್ದು 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯತ್ತ ಬಂದರೆ ಅದು ವ್ಯಾಕ್ಯೂಮ್ ಲೀಕಿನ ಗುರುತು. ಎರಡೂ ಕಡೆ ಧನವಾಗಿಯೇ ಇದ್ದರೆ ಇಂಧನ ಒತ್ತಡ ಅಥವಾ ಗಾಳಿ ಅಳೆಯುವ ಸೆನ್ಸರ್ ಕಡೆ ಹೋಗಿ.

ಒಂದು ವಿಶೇಷ ಬಗೆಯ ಹಂಟಿಂಗ್ ಇದೆ: ಆರ್‌ಪಿಎಂ 1100ಕ್ಕೂ 1500ಕ್ಕೂ ನಡುವೆ ತಾಳ ಹಾಕಿದಂತೆ ಓಡಾಡುತ್ತದೆ. ಇದರ ಲಾಗ್‌ನಲ್ಲಿ ಇಂಜೆಕ್ಟರ್ ಸಮಯ ಮೇಲ್ತುದಿಯಲ್ಲಿ ಸೊನ್ನೆಯಾಗಿರುತ್ತದೆ. ಪೆಡಲ್ ಬಿಟ್ಟಿದ್ದೂ ಆರ್‌ಪಿಎಂ ಹೆಚ್ಚಿದೆ ಎಂದು ಇಸಿಯು ಇಂಧನ ಕಡಿಯುತ್ತದೆ, ಇಳಿದಾಗ ಮತ್ತೆ ಕೊಡುತ್ತದೆ. ಗಾಳಿ ಹೆಚ್ಚಾಗಿರುವುದೇ ಮೂಲ. ಫಜಿ ಭಾಗಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೂಲ ಇಸಿಯು ಉಳಿಸಿಕೊಂಡು ಗಾಳಿಯನ್ನು ಮಾತ್ರ ಫಜಿ ನಿಯಂತ್ರಕಕ್ಕೆ ವಹಿಸಿದ್ದರೆ ಇನ್ನೊಂದು ಸಂಗತಿ ಪರೀಕ್ಷಿಸಿ. ಇಸಿಯು ತನ್ನ ಪಾಡಿಗೆ ಇಗ್ನಿಷನ್ ಅಡ್ವಾನ್ಸ್ ಬದಲಿಸಿ ಐಡಲ್ ಹಿಡಿಯಲು ನೋಡುತ್ತಿರಬಹುದು. ವಾಲ್ವ್ ತೆರೆಯುವ ಹೊತ್ತಿಗೇ ಅಡ್ವಾನ್ಸ್ ಕುಸಿಯುತ್ತಿರುವುದು ಲಾಗ್‌ನಲ್ಲಿ ಕಂಡರೆ ಒಂದೇ ಎಂಜಿನ್ನಿಗೆ ಇಬ್ಬರು ಯಜಮಾನರಿದ್ದಾರೆ ಎಂದರ್ಥ. ಒಂದನ್ನು ನಿಲ್ಲಿಸಿ.

ಆರ್‌ಪಿಎಂ ಅಳತೆ

ಲೂಪ್‌ನೊಳಗಿನ ದೋಷಗಳಲ್ಲಿ ದೊಡ್ಡ ಪಾಲು ಇಲ್ಲಿಯದು. ಕ್ರ್ಯಾಂಕ್‌ಶಾಫ್ಟ್ ಮೇಲೆ ಸಾಮಾನ್ಯವಾಗಿ ಸಿಗುವ 60-2 ಹಲ್ಲಿನ ಚಕ್ರವನ್ನು ತೆಗೆದುಕೊಳ್ಳಿ: 60 ಹಲ್ಲುಗಳ ಜಾಗದಲ್ಲಿ ಎರಡು ಇಲ್ಲ. ಗ್ಯಾಪ್ ಬಿಟ್ಟರೆ ಅದರ ಆವರ್ತನ ಹರ್ಟ್ಜ್‌ನಲ್ಲಿ ಎಷ್ಟೋ ಆರ್‌ಪಿಎಂ ಅಷ್ಟೇ. 800 ಆರ್‌ಪಿಎಂ ಎಂದರೆ ಸೆಕೆಂಡಿಗೆ 800 ಹಲ್ಲು.

ನಿಗದಿತ ಅವಧಿಯಲ್ಲಿ ಎಷ್ಟು ಹಲ್ಲು ಹಾದುಹೋದವು ಎಂದು ಎಣಿಸುವ ಕೋಡ್ ಇಲ್ಲಿ ಕೈಕೊಡುತ್ತದೆ. 20 ಮಿಲಿಸೆಕೆಂಡಿನಲ್ಲಿ ಬರುವುದು 16 ಹಲ್ಲು. ಒಂದು ಹಲ್ಲು ಹೆಚ್ಚುಕಡಿಮೆಯಾದರೆ 50 ಆರ್‌ಪಿಎಂ ವ್ಯತ್ಯಾಸ. ಬದಲಾವಣೆಯ ಮೆಂಬರ್‌ಶಿಪ್ ಫಂಕ್ಷನ್‌ಗಳು (ಒಂದು ಬೆಲೆ ‘ಸಣ್ಣ’, ‘ದೊಡ್ಡ’ ಎಂಬ ಹೆಸರಿಗೆ ಎಷ್ಟು ಸೇರುತ್ತದೆ ಎಂದು 0ಯಿಂದ 1ರೊಳಗೆ ಹೇಳುವವು) ಪ್ರತಿ ಸ್ಯಾಂಪಲ್‌ಗೆ ±30ರೊಳಗೆ ಹರಡಿದ್ದರೆ, ಎಂಜಿನ್ ಅಲುಗಾಡದೆ ಓಡುತ್ತಿದ್ದರೂ ನಿಯಂತ್ರಕಕ್ಕೆ ಒಂದು ಕ್ಷಣ ಭಾರೀ ಏರಿಕೆ, ಮರುಕ್ಷಣ ಭಾರೀ ಇಳಿಕೆ ಕಾಣುತ್ತದೆ. ಅವಧಿಯನ್ನು 100 ಮಿಲಿಸೆಕೆಂಡಿಗೆ ಏರಿಸಿದರೆ ದೋಷ 10 ಆರ್‌ಪಿಎಂಗೆ ಇಳಿಯುತ್ತದೆ, ಬದಲಿಗೆ ವಿಳಂಬ ಬರುತ್ತದೆ. ಸರಿಯಾದ ದಾರಿ ಕಾಲ ಅಳೆಯುವುದು: 1 ಮೆಗಾಹರ್ಟ್ಜ್ ಟೈಮರ್‌ನಲ್ಲಿ 180 ಡಿಗ್ರಿ ತಿರುಗಲು 800 ಆರ್‌ಪಿಎಂನಲ್ಲಿ 37,500 ಎಣಿಕೆ ಬೇಕು. ಅಷ್ಟು ನುಣುಪಾದ ಅಳತೆ ಮತ್ತೆಲ್ಲೂ ಬೇಕಾಗದು.

180 ಡಿಗ್ರಿಯೇ ಏಕೆಂದರೆ ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಅಷ್ಟಕ್ಕೊಂದು ಪವರ್ ಸ್ಟ್ರೋಕ್. ಒಂದೊಂದೇ ಹಲ್ಲಿನ ಕಾಲ ಅಳೆದರೆ ಪ್ರತಿ ಸ್ಫೋಟದ ಏರಿಳಿತವೂ ವೇಗದ ಬದಲಾವಣೆಯಾಗಿ ಕಾಣುತ್ತದೆ. ಅದರ ಜೊತೆಗೆ ಗ್ಯಾಪ್‌ನ ಸಮಸ್ಯೆ: ಹಲ್ಲಿಲ್ಲದ ಜಾಗ ದಾಟಲು ಮೂರು ಪಟ್ಟು ಸಮಯ ಹಿಡಿಯುವುದರಿಂದ ಕೋಡ್ ಅದನ್ನು ಗುರುತಿಸದಿದ್ದರೆ 800 ಆರ್‌ಪಿಎಂ ಒಮ್ಮೆಲೇ 267 ಎಂದು ಓದಿಸಿಕೊಳ್ಳುತ್ತದೆ. ಲಾಗ್‌ನಲ್ಲಿ ನಿಜವಾದ ವೇಗದ ಸರಿಯಾಗಿ ಮೂರನೇ ಒಂದಕ್ಕೆ ಇಳಿದ ಕುಸಿತ ಕಂಡರೆ ಬೇರೆ ಕಾರಣ ಹುಡುಕಬೇಡಿ.

ಕ್ಷೀಣವಾದ ಒಂದು ಸಿಲಿಂಡರ್ ಇನ್ನೂ ಜಾಣತನದ ಮೋಸ ಮಾಡುತ್ತದೆ. ಅದರ ಸರದಿ 720 ಡಿಗ್ರಿಗೊಮ್ಮೆ, ಅಂದರೆ 800 ಆರ್‌ಪಿಎಂನಲ್ಲಿ ಸೆಕೆಂಡಿಗೆ 6.67 ಬಾರಿ. ನಿಯಂತ್ರಕ 100 ಮಿಲಿಸೆಕೆಂಡಿಗೊಮ್ಮೆ ಮಾತ್ರ ನೋಡಿದರೆ ಈ ಅಲೆ 3.33 ಹರ್ಟ್ಜ್‌ನ ಸುಳ್ಳು ಅಲೆಯಾಗಿ ಕಾಣುತ್ತದೆ, ನಿಯಂತ್ರಕ ಅದನ್ನು ಬೆನ್ನಟ್ಟಿ ನಿಜವಾದ ಹಂಟಿಂಗ್ ಹುಟ್ಟಿಸುತ್ತದೆ. ಬದಲಾವಣೆ ಲೆಕ್ಕಹಾಕುವಾಗ 720 ಡಿಗ್ರಿಯ ಸರಾಸರಿ ಬಳಸಿದರೆ ಅಲೆ ಅಳಿದುಹೋಗುತ್ತದೆ. ಸ್ಪಾರ್ಕ್ ಪ್ಲಗ್, ಕಾಯಿಲ್, ಇಂಜೆಕ್ಟರ್ ನೋಡುವುದಂತೂ ಇದ್ದೇ ಇದೆ.

ಇಂಡಕ್ಟಿವ್ ಸೆನ್ಸರ್ ಆಗಿದ್ದರೆ ಕೇಬಲ್‌ನ ಶೀಲ್ಡ್ ಒಂದೇ ತುದಿಯಲ್ಲಿ ಅರ್ತ್ ಆಗಿರಲಿ, ಇಗ್ನಿಷನ್ ವೈರಿನಿಂದ ದೂರವಿರಲಿ. ಸೆನ್ಸರ್-ಹಲ್ಲಿನ ಅಂತರ ತಯಾರಕರ ಕೈಪಿಡಿಯಲ್ಲಿ ಇದ್ದಂತೆ ಇರಲಿ. ಈ ಬಗೆಯ ಸೆನ್ಸರ್‌ನ ವೋಲ್ಟೇಜ್ ವೇಗದ ಜೊತೆ ಏರುವುದರಿಂದ ಅಂತರ ಹೆಚ್ಚಿದ್ದರೆ ಕಡಿಮೆ ಆರ್‌ಪಿಎಂನಲ್ಲೇ ಮೊದಲು ಪಲ್ಸ್ ತಪ್ಪುತ್ತದೆ.

ಕಾಗದದ ಮೇಲೆ ಒಂದು ಲೆಕ್ಕ, ಕೋಡಿನಲ್ಲಿ ಅದೇ ಲೆಕ್ಕ

ಎಂಜಿನ್ ಆಫ್ ಮಾಡಿ. ಕೋಡಿಗೆ ಗೊತ್ತಿರುವ ಸಂಖ್ಯೆ ಕೊಟ್ಟು ಉತ್ತರ ಹೋಲಿಸಿದರೆ ಚಿಹ್ನೆ, ಸ್ಕೇಲಿಂಗ್, ಗುಣಾಕಾರದ ತಪ್ಪುಗಳು ಹತ್ತು ನಿಮಿಷದಲ್ಲಿ ಹೊರಬೀಳುತ್ತವೆ. ಕೆಳಗಿನ ಸಂಖ್ಯೆಗಳು ಲೆಕ್ಕ ಪರೀಕ್ಷಿಸಲು ಮಾತ್ರ. ನಿಮ್ಮ ಎಂಜಿನ್ನಿನ ಟ್ಯೂನಿಂಗ್ ಅಲ್ಲ.

ಐದು ಹೆಸರುಗಳಿರಲಿ: ಎನ್‌ಬಿ ಎಂದರೆ ದೊಡ್ಡ ಋಣ, ಎನ್‌ಎಸ್ ಸಣ್ಣ ಋಣ, ಝಡ್ ಸೊನ್ನೆ, ಪಿಎಸ್ ಸಣ್ಣ ಧನ, ಪಿಬಿ ದೊಡ್ಡ ಧನ. ವ್ಯತ್ಯಾಸದ ತ್ರಿಕೋನಗಳ ತುದಿಗಳು −200, −80, 0, 80, 200 ಆರ್‌ಪಿಎಂ. ಬದಲಾವಣೆಯವು 20 ಮಿಲಿಸೆಕೆಂಡಿನ ಸ್ಯಾಂಪಲ್‌ಗೆ −30, −12, 0, 12, 30. ಪ್ರತಿ ತ್ರಿಕೋನದ ಬುಡ ಪಕ್ಕದ ತ್ರಿಕೋನದ ತುದಿಯ ಕೆಳಗೆ ಮುಗಿಯುತ್ತದೆ. ಔಟ್‌ಪುಟ್ ಒಂಟಿ ಬೆಲೆಗಳು: −8, −3, 0, 3, 8 ಹೆಜ್ಜೆ.

ಹಿಂದಿನ ಸ್ಯಾಂಪಲ್‌ನಲ್ಲಿ ಆರ್‌ಪಿಎಂ 737, ಈಗ 740. ವ್ಯತ್ಯಾಸ +60. ಹಿಂದಿನದು +63, ಹಾಗಾಗಿ ಬದಲಾವಣೆ −3. ವ್ಯತ್ಯಾಸ ಪಿಎಸ್‌ನಲ್ಲಿ 0.75, ಝಡ್‌ನಲ್ಲಿ 0.25. ಬದಲಾವಣೆ ಎನ್‌ಎಸ್‌ನಲ್ಲಿ 0.25, ಝಡ್‌ನಲ್ಲಿ 0.75. ನಾಲ್ಕು ನಿಯಮಗಳು ಎಚ್ಚರಗೊಳ್ಳುತ್ತವೆ. ಎರಡರಲ್ಲಿ ಚಿಕ್ಕದನ್ನು ಆರಿಸುವ ವಿಧಾನದಲ್ಲಿ:

ಪಿಎಸ್ ಮತ್ತು ಝಡ್: ಬಲ 0.75, ಔಟ್‌ಪುಟ್ +3
ಪಿಎಸ್ ಮತ್ತು ಎನ್‌ಎಸ್: ಬಲ 0.25, ಔಟ್‌ಪುಟ್ 0
ಝಡ್ ಮತ್ತು ಎನ್‌ಎಸ್: ಬಲ 0.25, ಔಟ್‌ಪುಟ್ −3
ಝಡ್ ಮತ್ತು ಝಡ್: ಬಲ 0.25, ಔಟ್‌ಪುಟ್ 0

ಬಲಗಳ ಮೊತ್ತ 1.5, ಬಲದಿಂದ ಗುಣಿಸಿದ ಔಟ್‌ಪುಟ್‌ಗಳ ಮೊತ್ತ 2.25 − 0.75 = 1.5. ಉತ್ತರ +1.0 ಹೆಜ್ಜೆ.

ಕೋಡ್ +1.5 ಎಂದರೆ ಅದು ಚಿಕ್ಕದನ್ನು ಆರಿಸುತ್ತಿಲ್ಲ, ಗುಣಿಸುತ್ತಿದೆ. ತಪ್ಪಲ್ಲ, ಆದರೆ ಸಿಮ್ಯುಲೇಶನ್ ಒಂದು ವಿಧಾನದಲ್ಲಿ ಮಾಡಿ ಕೋಡ್ ಇನ್ನೊಂದರಲ್ಲಿ ಬರೆದಿದ್ದರೆ ಟ್ಯೂನಿಂಗ್ ಹೊಂದುವುದಿಲ್ಲ. −1.0 ಬಂದರೆ ವ್ಯತ್ಯಾಸವನ್ನು ತಿರುಗಾಮುರುಗಾ ಕಳೆಯಲಾಗಿದೆ. ಇಂಥ ಕೋಡಿನಲ್ಲಿ ಎಂಜಿನ್ ಒಂದೋ ನಿಲ್ಲುತ್ತದೆ, ಇಲ್ಲವೇ ಮಿತಿಗೆ ಏರುತ್ತದೆ. +3.33 ಬಂದರೆ ಬದಲಾವಣೆಯ ಚಿಹ್ನೆ ಮಾತ್ರ ತಲೆಕೆಳಗು, ಪಿಎಸ್ ಮತ್ತು ಪಿಎಸ್ ಸೇರಿದಾಗ ಪಿಬಿ ಕೊಡುವ ಮಾಮೂಲಿ ಕೋಷ್ಟಕದಲ್ಲಿ. ಈ ಕೊನೆಯದೇ ಕೆಟ್ಟದ್ದು. ಎಂಜಿನ್ ಓಡುತ್ತದೆ, ಗುರಿಯ ಹತ್ತಿರವೂ ಬರುತ್ತದೆ, ಆದರೆ ತಡೆಯಬೇಕಾದ ಪದವೇ ತಳ್ಳುತ್ತಿರುವುದರಿಂದ ಅಲೆ ಎಂದೂ ಆರುವುದಿಲ್ಲ. ಜನ ವಾರಗಟ್ಟಲೆ ನಿಯಮ ತಿದ್ದುತ್ತ ಕೂರುತ್ತಾರೆ.

ಸಂಖ್ಯೆಗೆ ಅರ್ಥವೇ ಇಲ್ಲದಿದ್ದರೆ ಓವರ್‌ಫ್ಲೋ ಅನುಮಾನಿಸಿ. ಮೆಂಬರ್‌ಶಿಪ್ಪನ್ನು 0ಯಿಂದ 255ರಲ್ಲಿ ಇಟ್ಟಾಗ 0.75 ಎಂದರೆ 191. ಔಟ್‌ಪುಟ್ ಬೆಲೆ 200 ಆಗಿದ್ದರೆ ಗುಣಲಬ್ಧ 38,200. 16 ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕ ಹಿಡಿಯುವುದು 32,767ರವರೆಗೆ. ಅದಾದ ಮೇಲೆ ಋಣಕ್ಕೆ ಉರುಳುತ್ತದೆ. ಆರ್ಡುಯಿನೊ ಉನೊ ಆರ್3ಯಂಥ 8 ಬಿಟ್ ಬೋರ್ಡಿನಲ್ಲಿ ಸಾಮಾನ್ಯ ಇಂಟ್ 16 ಬಿಟ್ಟಿನದೇ. ಮೊತ್ತಗಳಿಗೆ 32 ಬಿಟ್ ಬಳಸಿ.

ಭಿನ್ನರಾಶಿ ಕತ್ತರಿಸುವುದು ಇದರ ಸೋದರ. ಬದಲಾವಣೆ ಸೊನ್ನೆಯಿದ್ದು ವ್ಯತ್ಯಾಸ 26 ಇದ್ದರೆ ಔಟ್‌ಪುಟ್ 0.975 ಹೆಜ್ಜೆ. ಪೂರ್ಣಾಂಕಕ್ಕೆ ಕತ್ತರಿಸಿದರೆ ಸೊನ್ನೆ. ಆಗ ಎಂಜಿನ್ 774ರಿಂದ 826ರ ನಡುವೆ ಎಲ್ಲಿ ನಿಂತರೂ ನಿಯಂತ್ರಕ ಸುಮ್ಮನಿರುತ್ತದೆ. ವಾಲ್ವಿನ ಸ್ಥಾನವನ್ನು ಭಿನ್ನರಾಶಿಯಲ್ಲೇ ಕೂಡುತ್ತ ಹೋಗಿ, ಮೋಟರ್‌ಗೆ ಕಳಿಸುವಾಗ ಮಾತ್ರ ದುಂಡಗೆ ಮಾಡಿ.

ಸಿಮ್ಯುಲೇಶನ್‌ನಲ್ಲಿ ಸರಿ, ಎಂಜಿನ್‌ನಲ್ಲಿ ಹಂಟಿಂಗ್

ಈ ದೂರಿಗೆ ಬಹುತೇಕ ಒಂದೇ ಉತ್ತರ: ವಿಳಂಬ. 800 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 75 ಮಿಲಿಸೆಕೆಂಡ್, ಪೂರ್ತಿ ಚಕ್ರಕ್ಕೆ 150. ವಾಲ್ವ್ ತೆರೆದರೆ ಮೊದಲು ಮ್ಯಾನಿಫೋಲ್ಡ್ ತುಂಬಬೇಕು, ಆಮೇಲೆ ಆ ಗಾಳಿ ಸಿಲಿಂಡರ್ ಸೇರಬೇಕು, ಸೇರಿದ ಮೇಲೂ ಅದು ಶಕ್ತಿಯಾಗಲು ಸುಮಾರು ಒಂದು ಸುತ್ತು ಬೇಕು. 20 ಮಿಲಿಸೆಕೆಂಡಿಗೊಮ್ಮೆ ತಿದ್ದುವ ನಿಯಂತ್ರಕ ತನ್ನ ಮೊದಲ ತಿದ್ದುಪಡಿಯ ಫಲ ಕಾಣುವ ಮುನ್ನ ಇನ್ನೂ ನಾಲ್ಕಾರು ಬಾರಿ ತಿದ್ದಿರುತ್ತದೆ. ಫಜಿ ನಿಯಂತ್ರಣದ ಮೊದಲ ಪ್ರಯೋಗವಾಗಿ ಸಂಶೋಧಕರಾದ ಮಮ್ದಾನಿ ಮತ್ತು ಅಸಿಲಿಯನ್ 1975ರಲ್ಲಿ ಪ್ರಕಟಿಸಿದ್ದೂ ಎಂಜಿನ್ ವೇಗವನ್ನೇ ಹಿಡಿದಿಡುವ ಕೆಲಸ, ಆದರೆ ಅದು ಉಗಿ ಎಂಜಿನ್. ಅಲ್ಲಿ ಗಾಳಿ ಒಳಗೆ ಬಂದು, ಒತ್ತಿಸಿಕೊಂಡು, ಉರಿಯುವ ಕಾಯುವಿಕೆ ಇಲ್ಲ.

ಔಟ್‌ಪುಟ್ ಗುಣಕವನ್ನು (ಕೋಷ್ಟಕದ ಉತ್ತರವನ್ನು ಗುಣಿಸುವ ಸಂಖ್ಯೆ) ಊಹಿಸುವ ಬದಲು ಅಳೆಯಿರಿ. ಲೂಪ್ ತೆರೆದು, ಸ್ಥಿರವಾಗಿ ಓಡುತ್ತಿರುವಾಗ ವಾಲ್ವನ್ನು ಒಮ್ಮೆಲೇ 5 ಹೆಜ್ಜೆ ತೆರೆಯಿರಿ. ಆರ್‌ಪಿಎಂ 60 ಏರಿ, ಏರಿ ನಿಲ್ಲಲು 0.6 ಸೆಕೆಂಡ್ ಹಿಡಿಯಿತು ಎಂದುಕೊಳ್ಳಿ. ಅಂದರೆ 60ರ ವ್ಯತ್ಯಾಸ ತಿದ್ದಲು ಒಟ್ಟು ಬೇಕಾದದ್ದು 5 ಹೆಜ್ಜೆ, ಅದನ್ನು 0.6 ಸೆಕೆಂಡಿನ 30 ಸ್ಯಾಂಪಲ್‌ಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 0.17. ಮೇಲಿನ ಕೋಷ್ಟಕ 60ರ ವ್ಯತ್ಯಾಸಕ್ಕೆ, ಬದಲಾವಣೆ ಸೊನ್ನೆಯಿದ್ದಾಗ, 2.25 ಹೆಜ್ಜೆ ಕೊಡುತ್ತದೆ. ಗುಣಕ ಸುಮಾರು 0.07ರಿಂದ ಶುರುವಾಗಬೇಕು. ಹೀಗೆ ಇಳಿಸಿದಾಗ ಅತಿ ದೊಡ್ಡ ಔಟ್‌ಪುಟ್ ಕೂಡ 0.56 ಹೆಜ್ಜೆ, ಭಿನ್ನರಾಶಿ ಕತ್ತರಿಸುವ ಕೋಡಿನಲ್ಲಿ ವಾಲ್ವ್ ಅಲುಗುವುದೇ ಇಲ್ಲ. ಗುಣಕ ಇಳಿಸಿದರೆ ಏನೂ ಆಗುತ್ತಿಲ್ಲ, ಏರಿಸಿದರೆ ಹಂಟಿಂಗ್ ಎಂಬ ದೂರು ಹುಟ್ಟುವುದು ಇಲ್ಲಿಂದಲೇ.

ಸ್ಯಾಂಪಲ್ ಸಮಯ ಬದಲಿಸಿದ ಮೇಲೆ ಕೆಟ್ಟಿತು ಎಂದರೆ ಕಾರಣ ಸರಳ. 20ರಿಂದ 10 ಮಿಲಿಸೆಕೆಂಡಿಗೆ ಇಳಿಸಿದಾಗ ಪ್ರತಿ ಸ್ಯಾಂಪಲ್‌ನ ಬದಲಾವಣೆ ಅರ್ಧವಾಗುತ್ತದೆ, ಔಟ್‌ಪುಟ್ ಕೂಡುವುದು ಎರಡು ಪಟ್ಟಾಗುತ್ತದೆ: ತಳ್ಳುವಿಕೆ ಎರಡರಷ್ಟು, ಅದಕ್ಕೆ ಹೋಲಿಸಿದರೆ ತಡೆ ಅರ್ಧ. ಬದಲಾವಣೆಯನ್ನು ಸೆಕೆಂಡಿಗೆ ಆರ್‌ಪಿಎಂನಲ್ಲಿ, ಔಟ್‌ಪುಟ್ಟನ್ನು ಸೆಕೆಂಡಿಗೆ ಹೆಜ್ಜೆಗಳಲ್ಲಿ ಬರೆದಿಟ್ಟರೆ ಈ ತೊಂದರೆ ಮತ್ತೆ ಬಾರದು. ಉದಾಹರಣೆಯ −3 ಆಗ ಸೆಕೆಂಡಿಗೆ −150 ಆಗುತ್ತದೆ.

ತುರ್ತು ತಿದ್ದುಪಡಿ ಬೇಕಿದ್ದರೆ ಅದನ್ನು ಇಗ್ನಿಷನ್‌ಗೆ ಬಿಡಿ. ಅದರ ಫಲ ಮುಂದಿನ ಪವರ್ ಸ್ಟ್ರೋಕ್‌ನಲ್ಲೇ, 37.5 ಮಿಲಿಸೆಕೆಂಡಿನೊಳಗೆ ಸಿಗುತ್ತದೆ. ಐಡಲ್‌ನ ಮೂಲ ಅಡ್ವಾನ್ಸ್ ಗರಿಷ್ಠ ಟಾರ್ಕ್ ಕೊಡುವ ಬಿಂದುವಿಗಿಂತ ಕೆಲವು ಡಿಗ್ರಿ ಹಿಂದೆ ಇದ್ದರೆ ಮಾತ್ರ ಏರಿಸಲು ಜಾಗವಿರುತ್ತದೆ.

ವಾಲ್ವ್

ಲಾಗ್‌ನಲ್ಲಿ ಕೊಟ್ಟ ಸ್ಥಾನ ಇಳಿಜಾರಿನಂತೆ ನಿಧಾನ ಏರುತ್ತ ಹೋಗಿ, ಆರ್‌ಪಿಎಂ ಮಾತ್ರ ಅಲ್ಲೇ ಇದ್ದು, ಥಟ್ಟನೆ ಮೆಟ್ಟಿಲಿನಂತೆ ಹಾರಿದರೆ ವಾಲ್ವ್ ಅಥವಾ ಥ್ರಾಟಲ್ ಪ್ಲೇಟ್ ಅಂಟುತ್ತಿದೆ. ಕಾರ್ಬನ್ ತೆಗೆಯಿರಿ. ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಶುಚಿಮಾಡಿದ ನಂತರ ಅದರ ಸ್ಥಾನವನ್ನು ಮರುಕಲಿಸಬೇಕು. ಶುಚಿಮಾಡಿದ ಮೇಲೂ ಸಣ್ಣ ಅಂಟು ಉಳಿದರೆ ಝಡ್‌ನ ತ್ರಿಕೋನದ ತುದಿಯನ್ನು ±15 ಆರ್‌ಪಿಎಂ ಚಪ್ಪಟೆ ಮಾಡಿ; ಆ ಪಟ್ಟಿಯೊಳಗೆ ನಿಯಂತ್ರಕ ಸುಮ್ಮನಿರಲಿ.

ಸ್ಟೆಪರ್ ಆಗಿದ್ದರೆ ಅದರ ಓಟದ ಮಿತಿ ಪರೀಕ್ಷಿಸಿ. ಸೆಕೆಂಡಿಗೆ 160 ಹೆಜ್ಜೆ ಹಾಕುವ ಮೋಟರ್ 20 ಮಿಲಿಸೆಕೆಂಡಿನಲ್ಲಿ ಹಾಕುವುದು 3.2 ಮಾತ್ರ. 8 ಹೆಜ್ಜೆ ಕೇಳಿದರೆ ಬಾಕಿ ಸಾಲುಗಟ್ಟುತ್ತದೆ, ಇಲ್ಲವೇ ಹೆಜ್ಜೆಗಳು ತಪ್ಪಿ ಕೋಡ್ ನಂಬಿರುವ ಸ್ಥಾನವೂ ನಿಜ ಸ್ಥಾನವೂ ಬೇರೆಯಾಗುತ್ತವೆ. ಔಟ್‌ಪುಟ್ ವೇಗಕ್ಕೆ ಮಿತಿ ಹಾಕಿ. ಇಗ್ನಿಷನ್ ಆಫ್ ಆದಾಗಲೆಲ್ಲ ವಾಲ್ವನ್ನು ತುದಿಗೆ ಒಯ್ದು ಎಣಿಕೆ ಸೊನ್ನೆ ಮಾಡಿ.

ಪಿಡಬ್ಲ್ಯುಎಂ ಸೊಲೆನಾಯ್ಡ್‌ನ ಕರೆಂಟ್ ಬ್ಯಾಟರಿ ವೋಲ್ಟೇಜ್ ಜೊತೆ ಇಳಿಯುತ್ತದೆ. 14 ವೋಲ್ಟ್ 12ಕ್ಕೆ ಕುಸಿದರೆ ಅದೇ ಡ್ಯೂಟಿಯಲ್ಲಿ (ವಿದ್ಯುತ್ ಆನ್ ಇರುವ ಸಮಯದ ಪಾಲು) ಕರೆಂಟ್ ಸುಮಾರು ಶೇ. 14 ಕಡಿಮೆ. ಫ್ಯಾನ್ ಶುರುವಾದಾಗಲೇ ಆರ್‌ಪಿಎಂ ಕುಸಿಯುವುದಕ್ಕೆ ಇದೂ ಒಂದು ಕಾರಣ. ಡ್ಯೂಟಿಯನ್ನು 14 ಭಾಗಿಸು ಈಗಿನ ವೋಲ್ಟೇಜ್ ಎಂಬ ಅನುಪಾತದಿಂದ ಗುಣಿಸಿ.

ಪೆಡಲ್ ಬಿಟ್ಟಾಗ ಎಂಜಿನ್ ನಿಂತರೆ

3000 ಆರ್‌ಪಿಎಂನಲ್ಲಿ ಓಡುತ್ತಿರುವಷ್ಟು ಹೊತ್ತೂ ವ್ಯತ್ಯಾಸ −2200. ಐಡಲ್ ಲೂಪ್ ಆಗಲೂ ಕೆಲಸಮಾಡುತ್ತಿದ್ದರೆ ವಾಲ್ವನ್ನು ಮುಚ್ಚುತ್ತಲೇ ಹೋಗಿರುತ್ತದೆ; ಪೆಡಲ್ ಬಿಟ್ಟಾಗ ಗಾಳಿಯೇ ಇಲ್ಲ. ಪೆಡಲ್ ಒತ್ತಿರುವಾಗ ಕೂಡುವಿಕೆ ನಿಲ್ಲಿಸಿ, ವಾಲ್ವನ್ನು ಐಡಲ್ ಸ್ಥಾನಕ್ಕಿಂತ ತುಸು ಹೆಚ್ಚು ತೆರೆದಿಡಿ. ಗುರಿಯನ್ನೂ ಮೇಲಿನಿಂದ ಮೆಲ್ಲಗೆ 800ಕ್ಕೆ ಇಳಿಸಿ.

ಎಸಿ ಕಂಪ್ರೆಸರ್ ಹಿಡಿದಾಗ ಮಾತ್ರ ಆರ್‌ಪಿಎಂ ಮುಗ್ಗರಿಸಿದರೆ ಫಜಿ ನಿಯಂತ್ರಕವನ್ನು ಚುರುಕು ಮಾಡಲು ಹೋಗಬೇಡಿ. ಎಸಿ ಸ್ವಿಚ್‌ನ ಸಂಕೇತ ಬಂದ ಕೂಡಲೇ ವಾಲ್ವ್ ತೆರೆದು, ಕಂಪ್ರೆಸರ್‌ನ ಕ್ಲಚ್ ಹಿಡಿಯುವುದನ್ನು ತುಸು ತಡಮಾಡಿ. ಎಷ್ಟು ಹೆಜ್ಜೆ ಎಂಬುದನ್ನು ಲೂಪ್ ತೆರೆದು ಅಳೆದರೆ ಸಿಗುತ್ತದೆ.

ಈಗ ನಿಯಮ ಕೋಷ್ಟಕ

ಇಷ್ಟೆಲ್ಲ ಸರಿಯಿದ್ದೂ ತೊಂದರೆ ಉಳಿದರೆ ಮಾತ್ರ ಕೋಷ್ಟಕ ತೆರೆಯಿರಿ. 25 ಮನೆಗಳಲ್ಲಿ ಯಾವುದೂ ಖಾಲಿ ಇರಬಾರದು. ಖಾಲಿ ಮನೆಗೆ ಬಿದ್ದ ಸ್ಯಾಂಪಲ್‌ನಲ್ಲಿ ಬಲಗಳ ಮೊತ್ತ ಸೊನ್ನೆಯಾಗಿ, ಸೊನ್ನೆಯಿಂದ ಭಾಗಿಸಿದ ಅಸಂಬದ್ಧ ಬೆಲೆ ವಾಲ್ವ್ ಸ್ಥಾನಕ್ಕೆ ಒಮ್ಮೆ ಕೂಡಿಕೊಂಡರೆ ರೀಸೆಟ್ ಮಾಡುವವರೆಗೂ ಹೋಗುವುದಿಲ್ಲ.

ಸಣ್ಣ ಏರಿಳಿತ ಸರಿಪಡಿಸುತ್ತದೆ, ದೊಡ್ಡ ಕುಸಿತಕ್ಕೆ ಪ್ರತಿಕ್ರಿಯೆಯೇ ಇಲ್ಲ ಎಂದರೆ ತುದಿಯ ಫಂಕ್ಷನ್ ನೋಡಿ. ಪಿಬಿ ಪೂರ್ತಿ ತ್ರಿಕೋನವಾಗಿದ್ದರೆ 200ರ ಆಚೆ ಅದು ಮತ್ತೆ ಇಳಿದುಹೋಗುತ್ತದೆ. ತಣ್ಣನೆಯ ಎಂಜಿನ್ನಿಗೆ ಗುರಿ 1200, ಸ್ಟಾರ್ಟರ್ ತಿರುಗಿಸುವ ವೇಗ 200 ಎಂದರೆ ವ್ಯತ್ಯಾಸ 1000. ಯಾವ ಹೆಸರಿಗೂ ಅದು ಸೇರುವುದಿಲ್ಲ. ತುದಿಯ ಫಂಕ್ಷನ್‌ಗಳು 200ರ ಆಚೆಗೂ 1ರಲ್ಲೇ ಉಳಿಯಬೇಕು.

ಔಟ್‌ಪುಟ್‌ಗೆ ಒಂಟಿ ಬೆಲೆಯ ಬದಲು ತ್ರಿಕೋನ ಮತ್ತು ಕೇಂದ್ರಬಿಂದು ವಿಧಾನ ಬಳಸಿದ್ದರೆ ಗರಿಷ್ಠ ಎಂದೂ ಸಿಗದು. ತುದಿ 10, ಬುಡ 5ರಿಂದ ಶುರುವಾಗುವ ಅರ್ಧ ತ್ರಿಕೋನದ ಕೇಂದ್ರ 8.33. ಹತ್ತೇ ಬೇಕೆಂದರೆ ತುದಿಯನ್ನು ವ್ಯಾಪ್ತಿಯಾಚೆ ಚಾಚಿ, ಇಲ್ಲವೇ ಒಂಟಿ ಬೆಲೆಗೆ ಬನ್ನಿ. ಐಡಲ್ ಕೆಲಸಕ್ಕೆ ಒಂಟಿ ಬೆಲೆಯೇ ಮೇಲು: ಲೆಕ್ಕ ಕಡಿಮೆ, ಕೈಯಲ್ಲಿ ಪರೀಕ್ಷಿಸಬಹುದು. ಮೊಟೊರೊಲಾದ 68ಎಚ್‌ಸಿ12 ಚಿಪ್‌ನಲ್ಲಿ ಫಜಿ ಲೆಕ್ಕಕ್ಕೆಂದೇ ಇದ್ದ ಆಜ್ಞೆಗಳೂ ಒಂಟಿ ಬೆಲೆಗಳ ತೂಕದ ಸರಾಸರಿಯನ್ನೇ ನೆಚ್ಚಿಕೊಂಡಿದ್ದವು.

ಕೋಷ್ಟಕ ಎರಡೂ ಕಡೆ ಸಮವಾಗಿರಬೇಕೆಂಬ ನಿಯಮವಿಲ್ಲ. 100 ಆರ್‌ಪಿಎಂ ಹೆಚ್ಚಾದರೆ ಒಂದಿಷ್ಟು ಸದ್ದು, ಕಡಿಮೆಯಾಗುತ್ತ ಹೋದರೆ ಎಂಜಿನ್ನೇ ನಿಲ್ಲುತ್ತದೆ. ತೆರೆಯುವ ಕಡೆ +8 ಇಟ್ಟು ಮುಚ್ಚುವ ಕಡೆ −5 ಇಡುವುದು ಒಳ್ಳೆಯದು. ಒಂದು ಸಲಕ್ಕೆ ಒಂದೇ ಮನೆ ತಿದ್ದಿ, ಲಾಗ್‌ನಲ್ಲಿ ಆ ನಿಯಮ ನಿಜವಾಗಿ ಕೆಲಸಮಾಡಿದ ಕ್ಷಣಗಳನ್ನು ನೋಡಿ. ಐಡಲ್‌ನಲ್ಲಿ ಬಹುಪಾಲು ಸಮಯ ಎಚ್ಚರವಾಗಿರುವುದು ನಡುವಿನ ಒಂಬತ್ತು ಮನೆಗಳು ಮಾತ್ರ. ಮೂಲೆಯ ಮನೆ ತಿದ್ದಿ ಹಂಟಿಂಗ್ ನಿಂತಿತು ಎನಿಸಿದರೆ ಲಾಗ್ ಇನ್ನೊಮ್ಮೆ ತೆಗೆಯಿರಿ.

ತಿದ್ದುಪಡಿ ಹಿಡಿಯಿತೇ ಎಂದು ನೋಡಲು ತಣ್ಣನೆಯ ಸ್ಟಾರ್ಟ್‌ನಿಂದ ಫ್ಯಾನ್ ತಿರುಗುವವರೆಗೆ ಒಂದು ಲಾಗ್, ಬಿಸಿಯಲ್ಲಿ ಹೆಡ್‌ಲೈಟ್, ಎಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದ ಹೊರೆಗಳನ್ನು ಒಂದೊಂದಾಗಿ ಹಾಕಿ ತೆಗೆದು ಒಂದು ಲಾಗ್, 3000ದಿಂದ ಪೆಡಲ್ ಬಿಟ್ಟದ್ದು ಒಂದು ಲಾಗ್ ತೆಗೆಯಿರಿ. ಮೂರರಲ್ಲೂ ವಾಲ್ವ್ ಸ್ಥಾನ ಎರಡು ತುದಿಗಳಿಂದ ದೂರವೇ ಇರಬೇಕು. ತುದಿ ಮುಟ್ಟುತ್ತಿದ್ದರೆ ಆರ್‌ಪಿಎಂ ಸದ್ಯಕ್ಕೆ ಸರಿಯಿದ್ದರೂ ಗಾಳಿಯ ದಾರಿಯನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಬೇಕು.